ನೀರಿನ ಸ್ಥಾವರಗಳನ್ನು ಕಟ್ಟುವವರು, ನಡೆಸುವವರು

ಕುಡಿಯುವ ನೀರನ್ನು ಶುದ್ಧಗೊಳಿಸುವುದು ಮತ್ತು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸುವುದು ಒಂದೇ ವೃತ್ತಿಯ ಎರಡು ತುದಿಗಳಾಗಿದ್ದರೂ, ಈ ವೃತ್ತಿಯನ್ನು ಕುರಿತು ಕರ್ನಾಟಕದಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಅಣೆಕಟ್ಟು, ಕೊಳವೆಮಾರ್ಗ, ಟೆಂಡರು, ಉದ್ಘಾಟನೆಗಳಾಚೆ ಹೋಗುವುದಿಲ್ಲ. ಸ್ಥಾವರವೊಂದನ್ನು ಕಟ್ಟಲು ಎರಡು ಮೂರು ವರ್ಷ ಹಿಡಿದರೆ, ಕಟ್ಟಿದ ಮೇಲೆ ಅದನ್ನು ದಶಕಗಳ ಕಾಲ, ಹಗಲೂ ಇರುಳೂ, ಹಬ್ಬವೂ ಅಮಾವಾಸ್ಯೆಯೂ ಎನ್ನದೆ ನಡೆಸಬೇಕಾಗುತ್ತದೆ. ಆದ್ದರಿಂದ ಈ ಕ್ಷೇತ್ರದ ಉದ್ಯೋಗಗಳಲ್ಲಿ ಬಹುಪಾಲು, ಕಲಿಯಬೇಕಾದ ವಿದ್ಯೆಯಲ್ಲಿ ಬಹುಪಾಲು, ತಪ್ಪಿದರೆ ಜನರ ಆರೋಗ್ಯಕ್ಕೆ ತಗಲುವ ಅಪಾಯದಲ್ಲಿಯೂ ಬಹುಪಾಲು ಇರುವುದು ನಡೆಸುವವರ ಕಡೆಗೇ. ಈ ವೃತ್ತಿಯನ್ನು ಹಿಡಿಯಬಯಸುವ ಯುವಕ ಯುವತಿಯರು ಮೊದಲು ತಿಳಿಯಬೇಕಾದ ಸಂಗತಿ ಇದು.

ಬೆಂಗಳೂರಿನ ಭೂಲಕ್ಷಣವೇ ಈ ವೃತ್ತಿಯ ಎರಡು ತುದಿಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ, ದೊಡ್ಡ ನದಿಯೊಂದೂ ಹತ್ತಿರವಿಲ್ಲದ ದಿಣ್ಣೆಯ ಮೇಲೆ ಬೆಳೆದ ಈ ನಗರಕ್ಕೆ ಕಾವೇರಿಯ ನೀರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳ ಮೂಲಕ ಹಂತಹಂತವಾಗಿ ಮೇಲೆದ್ದು, ಸುಮಾರು 100 ಕಿಲೋಮೀಟರು ದೂರವನ್ನೂ ಹೆಚ್ಚುಕಡಿಮೆ ಅರ್ಧ ಕಿಲೋಮೀಟರು ಎತ್ತರವನ್ನೂ ಕ್ರಮಿಸಿ ಬರುತ್ತದೆ. ಮನೆಗಳಲ್ಲಿ ಬಳಕೆಯಾದ ಮೇಲೆ ಅದೇ ನೀರು ಒಳಚರಂಡಿಯಲ್ಲಿ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಇಳಿಜಾರನ್ನು ಹಿಡಿದು ತಾನಾಗಿಯೇ ಕೆಳಗೆ ಹರಿಯುತ್ತದೆ. ಏರಿ ಬರುವ ನೀರಿಗೆ ವಿದ್ಯುತ್ತಿನ ಖರ್ಚು ಅಪಾರ. ಇಳಿದು ಹೋಗುವ ನೀರಿಗೆ ಆ ಖರ್ಚಿಲ್ಲವೆಂಬ ಕಾರಣಕ್ಕೋ ಏನೋ, ಅದರ ಕಡೆಗೆ ಗಮನವೂ ಬಹುಕಾಲ ಕಡಿಮೆಯೇ ಇತ್ತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರು ನೀರು ಹೆಚ್ಚಾಗಿ ಬರುವಂತಾದಾಗ ಸಂಭ್ರಮ ಸಹಜವೇ ಆಗಿತ್ತಾದರೂ, ಬಂದ ನೀರಿನ ಬಹುಭಾಗ ಕೊಳಚೆಯಾಗಿ ಇಳಿಯುತ್ತದೆಂಬ, ಅದನ್ನು ಸಂಸ್ಕರಿಸಲು ಅಷ್ಟೇ ಪ್ರಮಾಣದ ಸ್ಥಾವರಗಳೂ ಆಳುಗಳೂ ಬೇಕೆಂಬ ಲೆಕ್ಕ ಅಷ್ಟಾಗಿ ಯಾರ ಬಾಯಲ್ಲಿಯೂ ಕೇಳಿಬರಲಿಲ್ಲ.

ನಗರದ ನೀರಿನ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಶೇಷಾದ್ರಿ ಅಯ್ಯರರು ದಿವಾನರಾಗಿದ್ದ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1964ರ ಕಾಯ್ದೆಯಂತೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರೂಪುಗೊಂಡಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಮುಗಿಯಿತು. ಮಲ್ಲೇಶ್ವರದಲ್ಲಿ ಜಲಮಂಡಳಿಯ ಆವರಣವೊಂದನ್ನು ಇಂದಿಗೂ ಜನ ಜ್ಯುವೆಲ್ ಫಿಲ್ಟರ್ ಎಂದೇ ಕರೆಯುವುದು ಹಳೆಯ ಸೋಸುಯಂತ್ರಗಳ ಕಾಲದ ಗುರುತು. ಬೆಂಗಳೂರನ್ನು ಬಿಟ್ಟು ಉಳಿದ ಪಟ್ಟಣಗಳಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಯೋಜನೆಗಳನ್ನು ಕಟ್ಟಿ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸುತ್ತದೆ. ಒಪ್ಪಿಸಿದ ಮರುದಿನದಿಂದ ಅವುಗಳನ್ನು ನಡೆಸುವ ಹೊರೆ ಹಣವೂ ಆಳೂ ಕಡಿಮೆಯಿರುವ ಪುರಸಭೆಯ ಹೆಗಲಿಗೆ ಬೀಳುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ಕನ್ನಂಬಾಡಿಯ ಕಟ್ಟೆ ಕಣ್ಮುಂದೆ ಬರುತ್ತದೆಯೇ ಹೊರತು, ಅವರು ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದಾಗ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ರಾಡಿ ನೀರನ್ನು ತಿಳಿಗೊಳಿಸಿ ಒದಗಿಸಿದ ಕೆಲಸವಾಗಲಿ, ಮುಂದೆ ಏಡನ್ ಬಂದರಿನ ನೀರು ಮತ್ತು ಚರಂಡಿಗಾಗಿ ಯೋಜನೆ ಹಾಕಿಕೊಟ್ಟದ್ದಾಗಲಿ ಹೆಚ್ಚು ಜನರಿಗೆ ನೆನಪಿಲ್ಲ. ಕಟ್ಟೆಗೆ ಸಿಗುವ ಕೀರ್ತಿ ಚರಂಡಿಗೆ ಸಿಗದು.

ಕುಡಿಯುವ ನೀರಿನ ಸ್ಥಾವರದೊಳಗೆ ನಡೆಯುವುದೇನು ಎಂಬುದನ್ನು ತಿಳಿದರೆ ಅಲ್ಲಿ ಬೇಕಾದ ಕೌಶಲ ಎಂಥದೆಂಬುದೂ ತಿಳಿಯುತ್ತದೆ. ನದಿಯ ನೀರಿನಲ್ಲಿ ತೇಲುವ ಜೇಡಿಯ ಕಣಗಳು ಬಹಳ ಸಣ್ಣವು. ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುವುದರಿಂದ ಅವು ಎಷ್ಟು ಹೊತ್ತಾದರೂ ತಳಕ್ಕೆ ಇಳಿಯುವುದಿಲ್ಲ. ಪಟಿಕವನ್ನೋ, ಅದರ ಬದಲಿಗೆ ಈಗ ಬಳಕೆಗೆ ಬಂದಿರುವ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ಲವಣವನ್ನೋ ಬೆರೆಸಿ ರಭಸವಾಗಿ ಕಲಕಿದಾಗ ಆ ವಿಕರ್ಷಣೆ ಕುಗ್ಗುತ್ತದೆ, ಅನಂತರ ನಿಧಾನವಾಗಿ ಕಲಕಿದಾಗ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಗಳಂಥ ಗರಣೆಯಾಗುತ್ತವೆ. ಈ ಗರಣೆ ಕ್ಲಾರಿಫೈಯರ್ ಎಂಬ ದೊಡ್ಡ ತೊಟ್ಟಿಯಲ್ಲಿ ತಳ ಸೇರಿ, ಮೇಲಿನ ತಿಳಿನೀರು ಮರಳಿನ ಹಾಸಿನಲ್ಲಿ ಸೋಸಿಕೊಂಡು, ಕೊನೆಗೆ ಕ್ಲೋರಿನ್ ಪಡೆದು ಹೊರಬೀಳುತ್ತದೆ. ಎಷ್ಟು ಪಟಿಕ ಹಾಕಬೇಕೆಂಬುದನ್ನು ಜಾರ್ ಟೆಸ್ಟ್ ಎಂಬ ಸರಳ ಪ್ರಯೋಗ ಹೇಳುತ್ತದೆ: ಆರು ಗಾಜಿನ ಪಾತ್ರೆಗಳಲ್ಲಿ ಅದೇ ದಿನದ ನದಿನೀರನ್ನು ತೆಗೆದುಕೊಂಡು, ಬೇರೆ ಬೇರೆ ಪ್ರಮಾಣದ ಪಟಿಕ ಹಾಕಿ, ಕಲಕಿ, ನಿಲ್ಲಿಸಿ, ಯಾವುದರಲ್ಲಿ ನೀರು ಬೇಗ ತಿಳಿಯಾಯಿತೆಂದು ನೋಡುವುದು. ಬೇಸಿಗೆಯಲ್ಲಿ ವಾರಗಟ್ಟಲೆ ಒಂದೇ ಪ್ರಮಾಣ ಸಾಕಾಗಬಹುದು. ಜೂನ್–ಜುಲೈ ತಿಂಗಳಲ್ಲಿ ನದಿಗೆ ಕೆಂಪು ನೀರು ಬಂದಾಗ ಬೆಳಗಿನ ಪ್ರಮಾಣ ಸಂಜೆಗೆ ಸಲ್ಲದು. ಪಟಿಕ ಕಡಿಮೆಯಾದರೆ ರಾಡಿ ಉಳಿಯುತ್ತದೆ, ಹೆಚ್ಚಾದರೆ ನೀರಿನ ಕ್ಷಾರಗುಣ ತಗ್ಗಿ ಗರಣೆಯೇ ಕಟ್ಟದೆ ಹೋಗಬಹುದು.

ಕ್ಲೋರಿನ್ನಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಭಾರತೀಯ ಮಾನಕ ಸಂಸ್ಥೆಯ 10500ನೆಯ ಮಾನಕದಂತೆ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೊಲೈ ಎಂಬ ಮಲಮೂಲದ ಬ್ಯಾಕ್ಟೀರಿಯಾ ಒಂದೂ ಕಾಣಿಸಬಾರದು. ಆದರೆ ಆ ಪರೀಕ್ಷೆಯ ಫಲಿತಾಂಶ ಬರಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಆ ನೀರನ್ನು ಊರು ಕುಡಿದಾಗಿರುತ್ತದೆ. ಆದ್ದರಿಂದಲೇ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿದೆ. ಉಳಿಕೆ ಕ್ಲೋರಿನ್ ಇದ್ದರೆ ಅದು ಎದುರಿಸಬೇಕಾದ ಕಲ್ಮಷವನ್ನೆಲ್ಲ ಎದುರಿಸಿಯೂ ಮಿಕ್ಕಿದೆಯೆಂದು ಅರ್ಥ, ಇದ್ದಕ್ಕಿದ್ದಂತೆ ಅದು ಸೊನ್ನೆಗೆ ಇಳಿದರೆ ಎಲ್ಲೋ ಕೊಳವೆಯೊಡೆದು ಚರಂಡಿಯ ನೀರು ಸೇರಿದೆಯೆಂಬ ಅನುಮಾನಕ್ಕೆ ಎಡೆ. ಹಳ್ಳಿಗಳಲ್ಲಿ ನೀರುಗಂಟಿಗಳು ಮೇಲ್ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ, ಅದು ಹೊಸದಾಗಿದ್ದಾಗ, ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ; ಒಂದು ಲಕ್ಷ ಲೀಟರಿನ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಬೇಕಾದರೆ ಇಂಥ ಪುಡಿ ಸುಮಾರು 600 ಗ್ರಾಂ ಸಾಕು. ಅದೇ ಪುಡಿ ಬಾಯಿ ಬಿಚ್ಚಿದ ಚೀಲದಲ್ಲಿ ಮಳೆಗಾಲವೆಲ್ಲ ಕುಳಿತು ಸತ್ವ ಅರ್ಧಕ್ಕಿಳಿದಿದ್ದರೆ 1,200 ಗ್ರಾಂ ಬೇಕಾಗುತ್ತದೆ. ಈ ಲೆಕ್ಕ ಏಳನೆಯ ತರಗತಿಯ ಮಕ್ಕಳಿಗೂ ಬರುವಂಥದ್ದು. ಆದರೆ ಅದನ್ನು ನೀರುಗಂಟಿಗೆ ಕೂರಿಸಿಕೊಂಡು ಹೇಳಿಕೊಟ್ಟ ಪಂಚಾಯಿತಿಗಳು ವಿರಳ.

ಬಳಸಿ ಬಿಟ್ಟ ನೀರಿನ ಸಂಸ್ಕರಣೆಗೆ ಬಂದರೆ, ಅದರ ಚರಿತ್ರೆಯ ಒಂದು ಮುಖ್ಯ ಎಳೆ ಬೆಂಗಳೂರಿನ ಮೂಲಕವೇ ಹಾದುಹೋಗಿದೆ ಎಂಬುದು ಕನ್ನಡಿಗರಿಗೆ ಅಷ್ಟಾಗಿ ತಿಳಿಯದ ಸಂಗತಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಡೇವಿಹ್ಯೂಮ್ ಸ್ಥಾವರದಲ್ಲಿ ಎಡ್ವರ್ಡ್ ಆರ್ಡನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನವಿಜ್ಞಾನಿಗಳು ಕೊಳಚೆಗೆ ಗಾಳಿಯೂಡಿ, ತಳ ಸೇರಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಹೊಸ ಕೊಳಚೆಗೆ ಅದನ್ನೇ ಮತ್ತೆ ಮತ್ತೆ ಬೆರೆಸುತ್ತ ಹೋದಾಗ, ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಕೆಲವೇ ಗಂಟೆಗಳಲ್ಲಿ ಮುಗಿಯುವುದನ್ನು ಕಂಡು 1914ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಆ ಕೆಸರಿಗೆ ಅವರು ಸಕ್ರಿಯ ಕೆಸರು ಎಂದು ಹೆಸರಿಟ್ಟರು. ಈ ಪ್ರಯೋಗಕ್ಕೆ ಪ್ರೇರಣೆ ಕೊಟ್ಟ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು, ಇಲ್ಲಿ ಈ ವಿಷಯದ ಅಧ್ಯಯನಕ್ಕೆ ಬುನಾದಿ ಹಾಕಿದರು. ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ 1942ರಲ್ಲಿ ನೇಚರ್ ಪತ್ರಿಕೆಯಲ್ಲಿ, ಈ ಶುದ್ಧೀಕರಣದಲ್ಲಿ ಬ್ಯಾಕ್ಟೀರಿಯಾಗಳದಷ್ಟೇ ಅಲ್ಲ, ಪ್ರೊಟೊಜೋವ ಎಂಬ ಏಕಕೋಶ ಜೀವಿಗಳ ಪಾತ್ರವೂ ದೊಡ್ಡದೆಂದು ವಾದಿಸಿದರು. ಇಂದು ಯಾವುದೇ ದೇಶದ ಸ್ಥಾವರದಲ್ಲಿ ಸೂಕ್ಷ್ಮದರ್ಶಕವನ್ನು ಬಳಸಬಲ್ಲ ಆಪರೇಟರು ಕೆಸರಿನ ಹನಿಯಲ್ಲಿ ಗಂಟೆಯ ಆಕಾರದ ವೋರ್ಟಿಸೆಲ್ಲ ಜೀವಿಗಳನ್ನು ಕಂಡರೆ ಕೆಸರು ಆರೋಗ್ಯವಾಗಿದೆಯೆಂದು ಸಮಾಧಾನಪಡುತ್ತಾನೆ. ಆ ಸಮಾಧಾನದ ಹಿಂದೆ ಬೆಂಗಳೂರಿನ ದುಡಿಮೆಯೂ ಇದೆ.

ಸಕ್ರಿಯ ಕೆಸರಿನ ತತ್ತ್ವ ಕನ್ನಡದ ಅಡುಗೆಮನೆಗೆ ಹೊಸದಲ್ಲ: ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವಂತೆ, ಹಿಂದಿನ ಕೊಳಚೆಯನ್ನು ತಿಂದು ಬೆಳೆದ ಜೀವಿಗಳನ್ನು ಹೊಸ ಕೊಳಚೆಗೆ ಬಿಡುವುದು. ತೊಟ್ಟಿಯ ತಳದ ಸಣ್ಣ ರಂಧ್ರಗಳಿಂದ ಬ್ಲೋವರ್ ಎಂಬ ಯಂತ್ರ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಊಡುತ್ತಿದ್ದರೆ ಆ ಜೀವಿಗಳು ಕೊಳಚೆಯಲ್ಲಿ ಕರಗಿದ ಸಾವಯವ ವಸ್ತುವನ್ನು ಆಹಾರವಾಗಿ ಉಂಡು ಬೆಳೆಯುತ್ತವೆ. ಸ್ಥಾವರದ ವಿದ್ಯುತ್ ವೆಚ್ಚದಲ್ಲಿ ದೊಡ್ಡ ಪಾಲು ಈ ಬ್ಲೋವರಿಗೇ ಹೋಗುವುದರಿಂದ, ಬಿಲ್ಲು ಕಡಿಮೆ ಮಾಡಬಯಸುವ ಮಾಲೀಕರು ಮೊದಲು ಕೈ ಹಾಕುವುದೂ ಅದಕ್ಕೇ. ಕೊಳಚೆಯ ಕೊಳೆಯನ್ನು ಅಳೆಯುವ ಮಾನಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ರೂಢಿಯಲ್ಲಿ ಬಿಓಡಿ, ಎಂದು ಹೆಸರು. ಒಂದು ಲೀಟರು ನೀರಿನಲ್ಲಿರುವ ಸಾವಯವ ಕೊಳೆಯನ್ನು ಅರಗಿಸಲು ಜೀವಿಗಳಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕಾಗುತ್ತದೆ ಎಂಬುದೇ ಅದು. ಮನೆಗಳಿಂದ ಬರುವ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ 200ರಿಂದ 300ರವರೆಗೆ ಇರುತ್ತದೆ, ಅದನ್ನು ಎರಡಂಕಿಯ ಕೆಳತುದಿಗೆ, ಸಾಧ್ಯವಾದರೆ 10ಕ್ಕೆ ಇಳಿಸುವುದು ಇಂದಿನ ಗುರಿ. ಈ ಪರೀಕ್ಷೆಗೆ ಭಾರತದಲ್ಲಿ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನಗಳ ಅವಧಿಯನ್ನು ನಿಗದಿಪಡಿಸಲಾಗಿದೆ.

ಮೂರು ದಿನ ಎಂಬುದನ್ನು ಗಮನಿಸಬೇಕು. ಪ್ರಯೋಗಾಲಯದ ವರದಿ ಕೈಗೆ ಬರುವ ಹೊತ್ತಿಗೆ ಅದು ವರ್ಣಿಸುವ ನೀರು ಕೆರೆಯನ್ನೋ ಹೊಳೆಯನ್ನೋ ಸೇರಿಯಾಗಿರುತ್ತದೆ. ಕುಡಿಯುವ ನೀರಿನಲ್ಲಿ ಕಂಡ ತೊಡಕೇ ಇಲ್ಲಿಯೂ ಎದುರಾಗುತ್ತದೆ: ಖಚಿತವಾದ ತಿಳಿವಳಿಕೆ ತಡವಾಗಿ ಬರುತ್ತದೆ, ನಿರ್ಧಾರ ಮಾತ್ರ ಈಗಲೇ ಆಗಬೇಕು. ಈ ನಡುವಿನ ಅಂತರವನ್ನು ತುಂಬುವುದೇ ನಡೆಸುವವರ ವಿದ್ಯೆ. ಅದಕ್ಕೆ ಅವರಲ್ಲಿರುವ ಉಪಕರಣಗಳು ಬಹಳ ಸಾದಾ. ಒಂದು ಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ ಗಾಳಿತೊಟ್ಟಿಯ ನೀರನ್ನು ತುಂಬಿ 30 ನಿಮಿಷ ಅಲುಗಿಸದೆ ಬಿಟ್ಟರೆ ಕೆಸರು ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಇಳಿದ ಕೆಸರು 300 ಮಿಲಿಲೀಟರು ಇದ್ದು, ಆ ನೀರಿನ ಲೀಟರಿನಲ್ಲಿ ಒಣ ಕೆಸರು 3,000 ಮಿಲಿಗ್ರಾಂ ಇದ್ದರೆ, ಒಂದು ಗ್ರಾಂ ಕೆಸರು 100 ಮಿಲಿಲೀಟರು ಜಾಗ ಹಿಡಿದಿದೆಯೆಂದಾಯಿತು, ಅದು ಒಳ್ಳೆಯ ಲಕ್ಷಣ. ಈ ಅಂಕಿ 150ನ್ನು ದಾಟಿ 200ರ ಕಡೆಗೆ ಏರುತ್ತ ಹೋದರೆ ದಾರದಂತೆ ಉದ್ದುದ್ದ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕೆಸರು ಉಬ್ಬಿಕೊಂಡಿದೆಯೆಂದು, ಇಂದಲ್ಲ ನಾಳೆ ಅದು ತಿಳಿನೀರಿನೊಡನೆ ಹೊರಗೆ ಉಕ್ಕಲಿದೆಯೆಂದು ತಿಳಿಯಬೇಕು. ಕಂದು ಬಣ್ಣ ಮತ್ತು ಮಳೆ ಬಿದ್ದ ಮಣ್ಣಿನ ವಾಸನೆ ಕ್ಷೇಮದ ಗುರುತು. ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ನಾತ ಗಾಳಿ ಸಾಲದೆಂಬುದರ ಗುರುತು. ಗಾಳಿತೊಟ್ಟಿಯ ಮೇಲೆ ಬಿಳಿ ನೊರೆ ಎದ್ದರೆ ಕೆಸರು ಇನ್ನೂ ಎಳೆಯದೆಂದು ಅರ್ಥ. ಪದವಿಯ ಪಠ್ಯದಲ್ಲಿ ಇವುಗಳಿಗೆ ಒಂದೆರಡು ಪುಟ ಸಿಗಬಹುದು, ಆದರೆ ಮಳೆ, ಚಳಿ, ಬೇಸಿಗೆ, ಹಬ್ಬದ ದಿನದ ಎಣ್ಣೆ, ವಾರಾಂತ್ಯದ ಬಟ್ಟೆ ಸಾಬೂನು ಇವೆಲ್ಲ ಕೆಸರಿನ ಮೇಲೆ ಮಾಡುವ ಪರಿಣಾಮವನ್ನು ಒಂದು ವರ್ಷವಾದರೂ ಜೊತೆಗಿದ್ದು ನೋಡದ ಹೊರತು ಯಾರಿಗೂ ತಿಳಿಯದು.

ಈ ವಿದ್ಯೆಗೆ ಇಂದು ಅತಿ ಹೆಚ್ಚು ಬೇಡಿಕೆ ಇರುವುದು ದೊಡ್ಡ ಸರ್ಕಾರಿ ಸ್ಥಾವರಗಳಲ್ಲಿ ಅಲ್ಲ, ಬೆಂಗಳೂರಿನಂಥ ನಗರಗಳ ವಸತಿ ಸಮುಚ್ಚಯ, ಆಸ್ಪತ್ರೆ, ಹೋಟೆಲು, ಕಚೇರಿ ಸಂಕೀರ್ಣಗಳ ನೆಲಮಾಳಿಗೆಯಲ್ಲಿ. ದೊಡ್ಡ ಕಟ್ಟಡಗಳು ತಮ್ಮ ಕೊಳಚೆಯನ್ನು ತಾವೇ ಸಂಸ್ಕರಿಸಿ ಶೌಚಾಲಯಕ್ಕೂ ತೋಟಕ್ಕೂ ಮರುಬಳಸಬೇಕೆಂಬ ನಿಯಮದಿಂದಾಗಿ, ಕೊಳಚೆ ಸಂಸ್ಕರಣಾ ಸ್ಥಾವರವನ್ನು ಸೂಚಿಸುವ ಎಸ್‌ಟಿಪಿ ಎಂಬ ಮೂರಕ್ಷರ ಗೃಹಿಣಿಯರ ಮಾತಿನಲ್ಲಿಯೂ ಸೇರಿಹೋಗಿದೆ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ನಗರದಾದ್ಯಂತ ಇಂಥ ಸಣ್ಣ ಸ್ಥಾವರಗಳು ಎದ್ದುನಿಂತಷ್ಟು ವೇಗದಲ್ಲಿ ಅವನ್ನು ನಡೆಸುವವರು ತಯಾರಾಗಲಿಲ್ಲ. ಹಲವೆಡೆ ಕಾವಲುಗಾರಿಕೆಯ ಸಂಬಳಕ್ಕೆ ನೇಮಕಗೊಂಡ, ದೂರದ ರಾಜ್ಯದಿಂದ ಬಂದ ಹುಡುಗನೊಬ್ಬನೇ ರಾತ್ರಿಯಿಡೀ ಬ್ಲೋವರಿನ ಗುಂಡಿ ಒತ್ತುತ್ತ, ಏನು ಏಕೆ ಎಂಬುದು ತಿಳಿಯದೆ ದಾಖಲೆ ಪುಸ್ತಕ ತುಂಬುತ್ತಿರುತ್ತಾನೆ. ನಿವಾಸಿಗಳ ಸಂಘ ವಾಸನೆ ಬಂದಾಗ ಮಾತ್ರ ಸ್ಥಾವರದ ಕಡೆ ತಿರುಗುತ್ತದೆ, ವಾಸನೆಗೆ ಪರಿಹಾರವೆಂದು ಪರಿಮಳದ ದ್ರವ ತರಿಸುವುದೂ ಉಂಟು. ಇಂಥಲ್ಲಿಗೆ ಕೆಸರನ್ನು ಓದಬಲ್ಲ ಒಬ್ಬ ಡಿಪ್ಲೊಮಾ ಪದವೀಧರನೋ ರಸಾಯನಶಾಸ್ತ್ರದ ಬಿ.ಎಸ್ಸಿ. ಪದವೀಧರೆಯೋ ಬಂದು, ಹತ್ತಾರು ಸ್ಥಾವರಗಳ ಉಸ್ತುವಾರಿ ವಹಿಸಿಕೊಂಡು, ವಿದ್ಯುತ್ತನ್ನೂ ಉಳಿಸಿ ನೀರನ್ನೂ ಸುಧಾರಿಸಿದರೆ ಅದು ಸ್ವಂತ ಉದ್ಯಮವಾಗಿ ಬೆಳೆಯಬಲ್ಲದು. 2024ರ ಬೇಸಿಗೆಯ ಬರಗಾಲದಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿದಾಗ, ಸಂಸ್ಕರಿಸಿದ ನೀರು ಮಾರಾಟದ ಸರಕೆಂಬುದು ಮೊದಲ ಬಾರಿಗೆ ಅನೇಕರಿಗೆ ಹೊಳೆಯಿತು.

ವೃತ್ತಿಗೆ ಪ್ರವೇಶಿಸುವ ಬಾಗಿಲುಗಳು ಹಲವು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ಪ್ಲಂಬರ್ ಕಸುಬು ಕಲಿತವರು ಪಂಪು, ವಾಲ್ವು, ಮೋಟಾರುಗಳ ಕಡೆಯಿಂದ ಬರುತ್ತಾರೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಡಿಪ್ಲೊಮಾ ಪಡೆದವರು ಪಾಳಿಯ ಮೇಲ್ವಿಚಾರಕರಾಗಿ, ಎಂಜಿನಿಯರಿಂಗ್ ಪದವೀಧರರು ವಿನ್ಯಾಸ ಮತ್ತು ಯೋಜನೆಯ ಕಡೆಯಿಂದ, ರಸಾಯನಶಾಸ್ತ್ರ ಹಾಗೂ ಸೂಕ್ಷ್ಮಜೀವಿಶಾಸ್ತ್ರ ಓದಿದವರು ಪ್ರಯೋಗಾಲಯದ ಕಡೆಯಿಂದ ಬರುತ್ತಾರೆ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗ್ ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ, ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಅದರ ಸ್ನಾತಕೋತ್ತರ ವ್ಯಾಸಂಗವಿದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1958ರಿಂದ ಈ ಕ್ಷೇತ್ರದ ಸಂಶೋಧನೆಗೆ ನೆಲೆಯಾಗಿದೆ. 1974ರ ಜಲ ಮಾಲಿನ್ಯ ಕಾಯ್ದೆಯಿಂದ ಹುಟ್ಟಿದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿಗಳ ಹುದ್ದೆಗಳಿವೆ. ಆದರೆ ಹುದ್ದೆ ಯಾವುದೇ ಇರಲಿ, ಮೊದಲ ಎರಡು ವರ್ಷವನ್ನು ಸ್ಥಾವರದ ಪಾಳಿಯಲ್ಲಿ ಕಳೆಯದವರು ಮುಂದೆ ವಿನ್ಯಾಸಕರಾಗಲಿ ನಿಯಂತ್ರಕರಾಗಲಿ ಆದಾಗ, ಏಣಿಯಿಲ್ಲದ ತೊಟ್ಟಿ, ಕೈಗೆಟುಕದ ವಾಲ್ವು, ಮಾದರಿ ತೆಗೆಯಲು ಜಾಗವೇ ಇಲ್ಲದ ಕೊಳವೆ ಇಂಥವನ್ನೇ ಕಾಗದದ ಮೇಲೆ ಒಪ್ಪಿಬಿಡುತ್ತಾರೆ.

ನಡೆಸುವವರ ವಿದ್ಯೆಗೆ ಇಷ್ಟು ಮಹತ್ವವಿದ್ದರೂ ಅದಕ್ಕೆ ಕಾನೂನಿನ ಮಾನ್ಯತೆ ತೀರಾ ತೆಳು. ಕಾರ್ಖಾನೆಯ ಬಾಯ್ಲರನ್ನು ನೋಡಿಕೊಳ್ಳುವವನಿಗೆ 1923ರ ಭಾರತೀಯ ಬಾಯ್ಲರ್ ಕಾಯ್ದೆಯ ನಿಯಮಗಳು ಪರೀಕ್ಷೆ ಮತ್ತು ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದವು. ಲಾರಿ ಓಡಿಸುವವನಿಗೆ ಲೈಸೆನ್ಸು ಬೇಕು. ಲಕ್ಷಾಂತರ ಜನರ ಕುಡಿಯುವ ನೀರಿಗೆ ಕ್ಲೋರಿನ್ ಹಾಕುವವನಿಗೆ ದೇಶದಲ್ಲಿ ಅಂಥ ಕಡ್ಡಾಯ ಪರವಾನಗಿ ಇಲ್ಲ. ಅಮೆರಿಕದಲ್ಲಿ 1996ರಲ್ಲಿ ತಿದ್ದುಪಡಿಯಾದ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಪ್ರತಿಯೊಂದು ರಾಜ್ಯವೂ ಆಪರೇಟರುಗಳಿಗೆ ದರ್ಜೆವಾರು ಪ್ರಮಾಣಪತ್ರ ನೀಡುವ ಏರ್ಪಾಡು ಮಾಡಬೇಕೆಂದಿತು. ಆದರೂ ಪ್ರಮಾಣಪತ್ರವೊಂದೇ ಸಾಲದೆಂಬುದಕ್ಕೆ ಕೆನಡಾದ ವಾಕರ್ಟನ್ ಪಟ್ಟಣದ ದುರಂತ ಸಾಕ್ಷಿ. 2000ದ ಮೇ ತಿಂಗಳಲ್ಲಿ ಜೋರು ಮಳೆಯ ನಂತರ ಅಲ್ಲಿನ ಬಾವಿಯೊಂದಕ್ಕೆ ದನದ ಗೊಬ್ಬರದ ನೀರು ಸೇರಿ, ಅಪಾಯಕಾರಿ ಇ. ಕೊಲೈ ತಳಿ ನಲ್ಲಿಗಳಿಗೆ ಹರಿದು, ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅಲ್ಲಿನ ಆಪರೇಟರುಗಳು ಸಾಕಷ್ಟು ಕ್ಲೋರಿನ್ ಹಾಕದೆಯೇ, ಉಳಿಕೆ ಕ್ಲೋರಿನ್ನನ್ನು ಅಳೆಯದೆಯೇ ಪುಸ್ತಕದಲ್ಲಿ ಅಂಕಿಗಳನ್ನು ಬರೆಯುತ್ತಿದ್ದರೆಂದು ಮುಂದಿನ ವಿಚಾರಣೆ ಕಂಡುಕೊಂಡಿತು. ಅವರ ಬಳಿ ಪ್ರಮಾಣಪತ್ರ ಇತ್ತು. ಅನುಭವದ ಆಧಾರದಲ್ಲಿ, ಪರೀಕ್ಷೆಯಿಲ್ಲದೆ ಸಿಕ್ಕಿದ್ದು. ನಮ್ಮಲ್ಲಿ ಪರವಾನಗಿ ವ್ಯವಸ್ಥೆಯೊಂದನ್ನು ತರುವ ದಿನ ಬಂದಾಗ ಇದೊಂದು ವಿವರವನ್ನು ಮರೆಯದಿರುವುದು ಒಳ್ಳೆಯದು.

ಈ ವೃತ್ತಿಯ ಮಾತಾಡುವಾಗ ಜಾತಿಯ ಮಾತನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಾಗದು. ಒಳಚರಂಡಿಯ ಕೆಲಸ ಈ ನೆಲದಲ್ಲಿ ಕೆಲವೇ ಸಮುದಾಯಗಳ ಮೇಲೆ ಹೇರಲ್ಪಟ್ಟದ್ದರಿಂದಲೇ ಅದು ವಿದ್ಯೆಯೆಂದು ಎಣಿಕೆಯಾಗಲಿಲ್ಲ, ವಿದ್ಯೆಯೆಂದು ಎಣಿಕೆಯಾಗದ್ದರಿಂದ ಅದಕ್ಕೆ ತರಬೇತಿಯೂ ಸಲಕರಣೆಯೂ ಒದಗಲಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದರು. ಕೋಲಾರ ಚಿನ್ನದ ಗಣಿಯ ಪೌರಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನವನ್ನು ದೇಶದುದ್ದಕ್ಕೂ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ಸುರಕ್ಷಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿಗೆ ಇಳಿಸುವುದನ್ನು ಅಪರಾಧವೆಂದಿತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ ನಿಗದಿ ಮಾಡಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಇಷ್ಟಾದರೂ ಮ್ಯಾನ್‌ಹೋಲಿನ ಸಾವುಗಳು ನಿಂತಿಲ್ಲ. ಸಣ್ಣ ಎಸ್‌ಟಿಪಿಗಳ ಕೆಸರುತೊಟ್ಟಿಗಳಲ್ಲಿಯೂ ಅವು ಸಂಭವಿಸುತ್ತಿವೆ.

ಆ ಸಾವಿನ ಕಾರಣ ಬಹಳ ಮಟ್ಟಿಗೆ ಒಂದೇ. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ನಿಂತಿರುತ್ತದೆ. ಅತಿ ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆಯಿಂದ ತನ್ನ ಇರವನ್ನು ಸಾರುವ ಈ ಅನಿಲ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗದಷ್ಟಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ ವಾಸನೆ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ, ಅದಕ್ಕಿಂತ ಹಲವು ಪಟ್ಟು ಹೆಚ್ಚಾದರೆ ಕೆಲವೇ ಉಸಿರುಗಳಲ್ಲಿ ಮನುಷ್ಯನನ್ನು ಕೆಡಹುತ್ತದೆ. ಬಿದ್ದವನನ್ನು ಎತ್ತಲೆಂದು ಹಿಂದೆ ಮುಂದೆ ನೋಡದೆ ಇಳಿದ ಎರಡನೆಯವನೂ ಮೂರನೆಯವನೂ ಸಾಯುವುದು ಇದರಿಂದಲೇ. ಅನಿಲವನ್ನು ಅಳೆಯುವ ಅಂಗೈಯಗಲದ ಉಪಕರಣ, ತಾಜಾ ಗಾಳಿಯೂಡುವ ಫ್ಯಾನು, ಮೇಲಿನಿಂದ ಎಳೆಯಲು ಮುಕ್ಕಾಲಿ ಮತ್ತು ಹಗ್ಗ, ಇಳಿಯುವುದೇ ಬೇಡವಾಗುವಂತೆ ಜೆಟ್ಟಿಂಗ್ ಹಾಗೂ ಸಕ್ಕಿಂಗ್ ಯಂತ್ರ ಇವಿಷ್ಟು ಇಲ್ಲದ ಕಡೆ ಕೆಲಸಕ್ಕೆ ಒಪ್ಪದಿರುವುದೂ ವೃತ್ತಿಧರ್ಮವೇ ಎಂದು ತರಗತಿಯಲ್ಲಿಯೇ ಕಲಿಸಬೇಕಾಗಿದೆ. ಒಪ್ಪದಿರುವ ಸ್ವಾತಂತ್ರ್ಯ ದಿನಗೂಲಿಯವನಿಗಿಲ್ಲ. ಆದ್ದರಿಂದ ಆ ಹೊಣೆ ಆ ಸ್ಥಳದ ಎಂಜಿನಿಯರನ ಮೇಲೆ ಬೀಳುತ್ತದೆ.

ಮುಂದಿನ ದಶಕದ ಕೆಲಸಗಳು ಎಲ್ಲಿ ಹುಟ್ಟಲಿವೆ ಎಂಬುದಕ್ಕೆ ಕೋಲಾರ ಒಂದು ಸೂಚನೆ ಕೊಡುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸ್ಥಾವರಗಳಲ್ಲಿ ಎರಡನೆಯ ಹಂತದವರೆಗೆ, ಅಂದರೆ ಜೈವಿಕ ಸಂಸ್ಕರಣೆಯವರೆಗೆ, ಶುದ್ಧವಾದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಉದ್ದೇಶ ಅಂತರ್ಜಲವನ್ನು ತುಂಬುವುದು. ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿದ್ದು, ಕೊಳವೆಬಾವಿಗಳಲ್ಲಿ ನೀರು ಮೇಲೆದ್ದದ್ದು ಒಂದು ಕಡೆಗಾದರೆ, ಸಾರಜನಕ, ರಂಜಕ, ಭಾರಲೋಹಗಳನ್ನು ತೆಗೆಯುವ ಮೂರನೆಯ ಹಂತವಿಲ್ಲದೆ ಈ ನೀರನ್ನು ನೆಲಕ್ಕಿಳಿಸುವುದು ಸರಿಯೇ ಎಂಬ ಪ್ರಶ್ನೆ ಇನ್ನೊಂದು ಕಡೆಗಿದೆ. ಪ್ರಶ್ನೆ ಕೇಳಿದವರನ್ನು ಅಭಿವೃದ್ಧಿ ವಿರೋಧಿಗಳೆನ್ನುವುದು ಸುಲಭ, ಉತ್ತರಕ್ಕೆ ಬೇಕಾದದ್ದು ಪ್ರತಿ ಕೆರೆಯ, ಪ್ರತಿ ಬಾವಿಯ ನೀರನ್ನು ವರ್ಷಗಟ್ಟಲೆ ಪರೀಕ್ಷಿಸಿ ಬಹಿರಂಗವಾಗಿಡುವ ಜನ. ಅದಕ್ಕೆ ಭೂಜಲ ಬಲ್ಲವರೂ ರಸಾಯನ ಬಲ್ಲವರೂ ಒಟ್ಟಿಗೆ ಕೂರಬೇಕು. ಯಲಹಂಕದಲ್ಲಿ ಮೂರನೆಯ ಹಂತದವರೆಗೆ ಸಂಸ್ಕರಿಸಿ ವಿಮಾನ ನಿಲ್ದಾಣಕ್ಕೆ ನೀರು ಕೊಟ್ಟದ್ದು, ಜಕ್ಕೂರಿನಲ್ಲಿ ಸ್ಥಾವರದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಟ್ಟದ್ದು, ಒಳಚರಂಡಿಯಿಲ್ಲದ ದೇವನಹಳ್ಳಿಯಲ್ಲಿ ಶೌಚಗುಂಡಿಗಳ ಕೆಸರಿಗೆಂದೇ 2015ರಲ್ಲಿ ಸ್ಥಾವರ ಕಟ್ಟಿದ್ದು ಇವೆಲ್ಲ ಬೇರೆ ಬೇರೆ ದಾರಿಗಳು. ಕೊನೆಯದು ಸಣ್ಣ ಊರುಗಳಿಗೆ ಹೆಚ್ಚು ಹೊಂದುವಂಥದ್ದು, ಏಕೆಂದರೆ ರಾಜ್ಯದ ಬಹುಪಾಲು ಪಟ್ಟಣಗಳಿಗೆ ಊರೆಲ್ಲ ಕೊಳವೆ ಹಾಸುವ ಹಣ ಸದ್ಯಕ್ಕಂತೂ ಬರಲಾರದು.

ಹಳ್ಳಿಗಳ ಕಡೆ ಫ್ಲೋರೈಡ್ ದೊಡ್ಡ ತೊಂದರೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂನ ಗರಿಷ್ಠ ಮಿತಿಯನ್ನು ಮೀರಿರುವುದರಿಂದ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಸಾವಿರಾರು ಊರುಗಳಲ್ಲಿ ಬಂದವು. ಅವುಗಳಲ್ಲಿ ಕೆಟ್ಟು ನಿಂತವು ಎಷ್ಟೋ. ಘಟಕದೊಳಗೆ ನೀರನ್ನು ಸೋಸುವ ಪೊರೆಯನ್ನು ತೊಳೆಯುವ ಕ್ರಮ ಗೊತ್ತಿರುವವರಿಲ್ಲದೆ ಪೊರೆ ಕಟ್ಟಿಕೊಳ್ಳುವುದು ಮುಖ್ಯ ಕಾರಣಗಳಲ್ಲೊಂದು. ಘಟಕ ಹೊರಗೆ ತಳ್ಳುವ, ಲವಣವೂ ಫ್ಲೋರೈಡೂ ಮಡುಗಟ್ಟಿದ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಬಹಳ ಕಡೆ ಯಾರೂ ಯೋಚಿಸಿಲ್ಲ. 2019ರಲ್ಲಿ ಘೋಷಿಸಲಾದ ಜಲ ಜೀವನ್ ಮಿಷನ್ನಿನ ಮಾರ್ಗಸೂಚಿಯಂತೆ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕೈಪೆಟ್ಟಿಗೆಯ ಸಾಧನಗಳಿಂದ ನೀರು ಪರೀಕ್ಷಿಸುವ ತರಬೇತಿ ನೀಡಬೇಕು. ಆ ಐವರಲ್ಲಿ ಒಬ್ಬಳಿಗಾದರೂ ಅದು ಗೌರವಧನದ ಕೆಲಸವಾಗಿ ಉಳಿಯದೆ ತಾಲ್ಲೂಕು ಪ್ರಯೋಗಾಲಯದ ಹುದ್ದೆಯವರೆಗೆ ಏರುವ ಮೆಟ್ಟಿಲಾದರೆ, ಈ ವೃತ್ತಿಗೆ ಇದುವರೆಗೆ ಬಾರದ ಜನ ಬರತೊಡಗುತ್ತಾರೆ.

ಕೆಲಸ ಕೇಳಿಕೊಂಡು ಸ್ಥಾವರಕ್ಕೋ ಗುತ್ತಿಗೆದಾರ ಸಂಸ್ಥೆಗೋ ಹೋಗುವ ಅಭ್ಯರ್ಥಿ ಸಂಬಳದ ಜೊತೆಗೆ ವಿಚಾರಿಸಿಕೊಳ್ಳಬೇಕಾದ ಸಂಗತಿಗಳಿವೆ. ಸ್ಥಳದಲ್ಲಿ ಪ್ರಯೋಗಾಲಯವೊಂದಿದೆಯೇ, ಇದ್ದರೆ ಅದರ ತೂಕದ ಯಂತ್ರವೂ ಒಲೆಯೂ ಕೆಲಸ ಮಾಡುತ್ತಿವೆಯೇ, ಅನಿಲ ಅಳೆಯುವ ಉಪಕರಣವನ್ನು ಕೊನೆಯ ಬಾರಿ ಯಾವಾಗ ಸರಿಹೊಂದಿಸಲಾಗಿತ್ತು, ರಾತ್ರಿಪಾಳಿಯಲ್ಲಿ ಒಬ್ಬರೇ ಇರುತ್ತಾರೋ ಇಬ್ಬರೋ, ನಿರ್ವಹಣೆಯ ಗುತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ, ಗುತ್ತಿಗೆ ಬದಲಾದಾಗ ನುರಿತ ಕೆಲಸಗಾರರು ಮುಂದುವರಿಯುವರೋ ಎಲ್ಲರೂ ಹೊರಗೆ ಹೋಗುವರೋ ಎಂಬುದನ್ನೆಲ್ಲ ಕೇಳಬಹುದು, ಕೇಳಿದರೆ ತಪ್ಪು ತಿಳಿಯುವ ಸಂಸ್ಥೆಯ ಬಗ್ಗೆ ಅಷ್ಟರಿಂದಲೇ ಒಂದು ಅಂದಾಜು ಸಿಗುತ್ತದೆ. ಎಲ್ಲಕ್ಕಿಂತ ಮೊದಲು ದಾಖಲೆ ಪುಸ್ತಕವನ್ನು ನೋಡಲು ಅವಕಾಶ ಕೇಳುವುದು ಲೇಸು. ಮಳೆ ಬಂದ ದಿನವೂ ಬಾರದ ದಿನವೂ ಒಂದೇ ಹರಿವು, ಒಂದೇ ಬಿಓಡಿ, ಒಂದೇ ಉಳಿಕೆ ಕ್ಲೋರಿನ್ ಒಂದೇ ಶಾಯಿಯಲ್ಲಿ ತಿಂಗಳಿಡೀ ಬರೆದಿದ್ದರೆ, ಅಲ್ಲಿ ಅಳತೆ ನಡೆಯುತ್ತಿಲ್ಲವೆಂದು ತಿಳಿಯಬಹುದು.